ಇಂಗ್ಲೆಂಡಿನಲ್ಲಿ ಮನೆಯ ಕೌನ್ಸಿಲ್ ಟ್ಯಾಕ್ಸ್ ಬ್ಯಾಂಡ್ (ಮನೆಗಳ ಮೇಲಿನ ಸ್ಥಳೀಯ ತೆರಿಗೆಗಾಗಿ ಬೆಲೆಯ ಆಧಾರದಲ್ಲಿ ನಿಗದಿಯಾಗುವ ದರ್ಜೆ) ಹೆಚ್ಚಾಗಿದೆ ಎನಿಸಿದರೆ ಪ್ರಶ್ನಿಸಬಹುದೇ?

ಪ್ರಶ್ನಿಸಬಹುದು, ಆದರೆ ತೆರಿಗೆ ವಸೂಲು ಮಾಡುವ ಕೌನ್ಸಿಲ್‌ನಲ್ಲಿ ಅಲ್ಲ, ಬ್ಯಾಂಡ್ ನಿಗದಿಪಡಿಸುವ ವ್ಯಾಲ್ಯುಯೇಶನ್ ಆಫೀಸ್‌ನಲ್ಲಿ. ಇದಕ್ಕೆ ಶುಲ್ಕವಿಲ್ಲ.

ಬ್ಯಾಂಡ್ ನಿರ್ಧಾರವಾಗುವುದು ಮನೆಯ ಇಂದಿನ ಬೆಲೆಯಿಂದಲ್ಲ, 1991ರ ಏಪ್ರಿಲ್ 1ರಂದು ಅದು ಎಷ್ಟಕ್ಕೆ ಮಾರಾಟವಾಗಬಹುದಿತ್ತು ಎಂಬ ಅಂದಾಜಿನಿಂದ. ಆ ದಿನದ ಲೆಕ್ಕದಲ್ಲಿ 68,000 ಪೌಂಡ್ ಮೀರಿ 88,000 ಪೌಂಡ್‌ವರೆಗೆ ಬೆಲೆಬಾಳುವ ಮನೆ ‘ಡಿ’ ಬ್ಯಾಂಡಿಗೆ ಸೇರುತ್ತದೆ. ಆದ್ದರಿಂದ ಈಚೆಗೆ ಬೆಲೆ ಕುಸಿದಿದೆ ಎಂಬ ವಾದ ನಿಲ್ಲುವುದಿಲ್ಲ. ನಿಮ್ಮದೇ ಬೀದಿಯಲ್ಲಿ ವಿಸ್ತೀರ್ಣ, ಕಟ್ಟಿದ ಕಾಲ ಮತ್ತು ಮಾದರಿಯಲ್ಲಿ ನಿಮ್ಮ ಮನೆಯನ್ನು ಹೋಲುವ ಮನೆಗಳು ಕೆಳಗಿನ ಬ್ಯಾಂಡಿನಲ್ಲಿವೆ ಎಂದು ವಿಳಾಸ ಸಹಿತ ತೋರಿಸುವುದು, ಇಲ್ಲವೇ 1991ರ ಆಸುಪಾಸಿನ ಮಾರಾಟದ ಬೆಲೆಗಳನ್ನು ಒದಗಿಸುವುದು ನಿಮ್ಮ ಅರ್ಜಿಗೆ ನಿಜವಾದ ಬಲ ಕೊಡುತ್ತದೆ.

ಆ ಮನೆಯ ತೆರಿಗೆದಾರರಾಗಿ ಆರು ತಿಂಗಳು ಮೀರಿರದಿದ್ದರೆ ವಿಧಿವತ್ತಾಗಿ ಪ್ರಶ್ನಿಸುವ ಹಕ್ಕು ನಿಮಗಿರುತ್ತದೆ; ನಿರ್ಧಾರ ಒಪ್ಪಿಗೆಯಾಗದಿದ್ದರೆ ಮೂರು ತಿಂಗಳೊಳಗೆ ಸ್ವತಂತ್ರ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಅವಧಿ ಮೀರಿದವರು ಪುರಾವೆಯೊಂದಿಗೆ ಮರುಪರಿಶೀಲನೆ ಕೋರಬಹುದು.

ನೆರೆಹೊರೆಯ ಬ್ಯಾಂಡ್‌ಗಳನ್ನು ಸರ್ಕಾರದ ಜಾಲತಾಣದಲ್ಲಿ ನೋಡಿಕೊಳ್ಳದೆ ಅರ್ಜಿ ಹಾಕಬೇಡಿ ಎಂಬುದು ನನ್ನ ಕಳಕಳಿಯ ಸಲಹೆ, ಏಕೆಂದರೆ ಪರಿಶೀಲನೆಯಲ್ಲಿ ನಿಮ್ಮ ಬ್ಯಾಂಡ್ ಮಾತ್ರವಲ್ಲ, ನೆರೆಯವರದ್ದೂ ಏರಬಹುದು. ಇತ್ಯರ್ಥವಾಗುವವರೆಗೆ ಈಗಿನ ತೆರಿಗೆಯನ್ನೇ ಕಟ್ಟುತ್ತಿರಬೇಕು.