ಎಂ.ಕಾಂ. ಆದವಳು ಪ್ರೀಸ್ಕೂಲ್ ಟೀಚರ್ ಆಗೋಕೆ ಅಮೆರಿಕದ ಕಮ್ಯುನಿಟಿ ಕಾಲೇಜಿಗೆ ಸೇರಿದ್ರೆ ಕೆಳಗಿಳಿದ ಹಾಗಲ್ವಾ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಹಾಗೇ ಕೂತ್ಬಿಟ್ಟೆ. ಗಂಡನ ಎಚ್-1ಬಿ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗೋ ಎಚ್-4 ವೀಸಾ, ಕ್ಯಾಲಿಫೋರ್ನಿಯಾ, ಕೈಯಲ್ಲೊಂದು ಡಿಗ್ರಿ, ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡೋ ಆಸೆ, ಊರಲ್ಲಿ ಏನಂದ್ಕೋತಾರೋ ಅನ್ನೋ ಅಳುಕು. ನಾನು ಹಾಸನದವಳು, ಬಿ.ಕಾಂ., 2016ರಲ್ಲಿ ಬೇ ಏರಿಯಾಗೆ ಬಂದೆ. ಮಿಕ್ಕಿದ್ದೆಲ್ಲ ನೀವು ಬರೆದಿರೋದೇ.

ಬಂದ ತಕ್ಷಣ ಕಮ್ಯುನಿಟಿ ಕಾಲೇಜಿಗೆ, ಅಂದ್ರೆ ಇಲ್ಲಿನ ಎರಡು ವರ್ಷದ ಸರ್ಕಾರಿ ಕಾಲೇಜಿಗೆ, ಸೇರ್ಲಿಲ್ಲ, ಒಂದು ವರ್ಷ ಕಾದೆ. ಇಲ್ಲಿ ಒಂದು ವರ್ಷದ ಮೇಲೆ ಒಂದು ದಿನ ವಾಸ ಇದ್ದು ಅದಕ್ಕೆ ದಾಖಲೆ ತೋರಿಸಿದ್ರೆ ಎಚ್-4ನಲ್ಲಿದ್ರೂ ಇಲ್ಲಿನವರಿಗಿರೋ ಕಮ್ಮಿ ಫೀಸೇ, ಅಂದ್ರೆ ರೆಸಿಡೆಂಟ್ ಫೀಸೇ, ಯೂನಿಟ್‌ಗೆ (ನಮ್ಮ ಕಡೆ ಕ್ರೆಡಿಟ್ ಅಂತಾರಲ್ಲ, ಹಾಗೆ) 46 ಡಾಲರ್, ಅಂದ್ರೆ ಮೂರು ಯೂನಿಟ್ಟಿನ ಒಂದು ಕ್ಲಾಸಿಗೆ 138. ಅದಿಲ್ದೆ ಸೇರಿದ್ರೆ ಅದರ ಹಲವು ಪಟ್ಟು. ಅದಕ್ಕೇ ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ಬ್ಯಾಂಕಿನ ಕಾಗದ ಎಲ್ಲ ಮೊದಲ ದಿನದಿಂದಲೇ ಎತ್ತಿಟ್ಕೊಳ್ಳಿ. 2017ರ ಫಾಲ್ ಸೆಮಿಸ್ಟರಲ್ಲಿ, ಅಂದ್ರೆ ಆಗಸ್ಟಿಂದ ಡಿಸೆಂಬರ್‌ವರೆಗಿನದು, ಒಂದು ಕ್ಲಾಸ್ ತಗೊಂಡೆ, ಮಗುವಿನ ಬೆಳವಣಿಗೆ ಬಗ್ಗೆ. ವರ್ಷದ ಶುರುವಿನ ಸ್ಪ್ರಿಂಗ್ ಸೆಮಿಸ್ಟರಲ್ಲಿ ಇನ್ನೊಂದು. ಎರಡರಲ್ಲೂ ಎ ಬಂತು.

2018ರ ಫಾಲಲ್ಲಿ ಎರಡು ಕ್ಲಾಸ್ ಒಟ್ಟಿಗೆ ತಗೊಂಡೆ. ಒಂದು ಮಗು, ಕುಟುಂಬ, ಸಮುದಾಯದ ಬಗ್ಗೆ, ಇನ್ನೊಂದು ಮಕ್ಕಳನ್ನ ಗಮನಿಸಿ ಬರೆಯೋದು ಹೇಗೆ ಅಂತ ಕಲಿಸೋ ಕ್ಲಾಸು. ಆ ಎರಡನೇದು ನನಗೆ ಪ್ರಾಣ. ಕ್ಯಾಂಪಸ್ಸಿನ ಮಕ್ಕಳ ಸೆಂಟರಲ್ಲಿ ಒಂದು ಮೂಲೇಲಿ ಕೂತು ಒಂದೇ ಮಗುನ ಇಪ್ಪತ್ತು ನಿಮಿಷ ನೋಡಿ ಬರೀಬೇಕು. ನಾನು ಮೊದಲ ಸಲ ಬರೆದಿದ್ದು, ಹುಡುಗ ಹಠ ಮಾಡ್ದ, ಬ್ಲಾಕ್ ಯಾರಿಗೂ ಕೊಡ್ಲಿಲ್ಲ ಅಂತ. ಪ್ರೊಫೆಸರ್ 'ಹಠ' ಅಂತ ಬರೆದಿದ್ದ ಜಾಗಕ್ಕೆ ಸುತ್ತು ಹಾಕಿ, ನಿಮ್ಮ ಕಣ್ಣಿಗೆ ಕಂಡಿದ್ದೇನು ಅಂತ ಕೇಳಿದ್ರು. ಕಂಡಿದ್ದು ಅಂದ್ರೆ, ಅವನು ಎರಡೂ ಕೈಯಲ್ಲಿ ಬ್ಲಾಕ್ ಹಿಡ್ಕೊಂಡು ನಾಲ್ಕು ನಿಮಿಷ ಬಾಗಿಲ ಕಡೆ ನೋಡ್ತಾ ನಿಂತಿದ್ದ, ಅಷ್ಟೇ. ಅವನಮ್ಮ ಆಗಷ್ಟೇ ಬಿಟ್ಟು ಹೋಗಿದ್ರು. ನಮ್ಮಲ್ಲಿ ಮಕ್ಕಳಿಗೆ ಎಷ್ಟು ಸಲೀಸಾಗಿ ಹಠಮಾರಿ, ತುಂಟ, ಮೊದ್ದು ಅಂತ ಹೆಸರಿಟ್ಬಿಡ್ತೀವಿ ಅಂತ ಆವತ್ತು ರಾತ್ರಿ ಪೂರ್ತಿ ಯೋಚನೆ.

ಅಕ್ಟೋಬರ್ ಮಧ್ಯದಲ್ಲಿ ಊರಿಂದ ಫೋನು. ಅಮ್ಮಂಗೆ ಸ್ಟ್ರೋಕ್. ಮಾರನೇ ದಿನವೇ ಹೊರಟೆ. ಜನವರಿವರೆಗೂ ಹಾಸನದಲ್ಲೇ ಇದ್ದೆ, ಆಸ್ಪತ್ರೆ, ಫಿಸಿಯೋಥೆರಪಿ, ಅಮ್ಮನ ಬಲಗೈಗೆ ಚಮಚ ಹಿಡಿಸೋದು. ಕಾಲೇಜಿಗೆ ಒಂದು ಸಾಲೂ ಬರೀಲಿಲ್ಲ.

ತಪ್ಪು ಅದೇ, ಬೇರೆ ಏನೂ ಅಲ್ಲ. ಊರಿಗೆ ಹೋಗಿದ್ದು ತಪ್ಪಲ್ಲ, ಇವತ್ತು ಫೋನ್ ಬಂದ್ರೂ ಹೋಗ್ತೀನಿ. ಕ್ಲಾಸಿಂದ ಹೆಸರು ತೆಗೆಸ್ದೆ ಹೋದೆ ನೋಡಿ, ಅದು ತಪ್ಪು. ಯಾಕೆ ಹಾಗ್ಮಾಡ್ದೆ ಅಂತ ಬಿಡಿಸಿ ಹೇಳ್ತೀನಿ, ಇದು ನಮ್ಮ ಕಡೆಯಿಂದ ಬಂದವರಿಗೇ ಆಗೋ ತಪ್ಪು. ನಮ್ಮ ಕಾಲೇಜಲ್ಲಿ ಹೇಗಿತ್ತು? ಹಾಜರಿ ಕಮ್ಮಿ ಆದ್ರೆ ನೋಟಿಸ್ ಬೋರ್ಡಲ್ಲಿ ಹೆಸರು ಬರುತ್ತೆ, ಆಫೀಸಿಗೆ ಹೋಗಿ ಮೆಡಿಕಲ್ ಸರ್ಟಿಫಿಕೇಟ್ ಕೊಡ್ತೀವಿ, ತೀರಾ ಆಗ್ಲಿಲ್ಲ ಅಂದ್ರೆ ಮುಂದಿನ ಸಲ ಪರೀಕ್ಷೆ ಕಟ್ಕೋತೀವಿ. ಪರೀಕ್ಷೆ ಬರೀಲೇ ಇಲ್ಲ ಅಂದ್ಮೇಲೆ ಫೇಲಾಗೋದೆಲ್ಲಿಂದ ಅಂತ ನನ್ನ ಲೆಕ್ಕ. ಇಲ್ಲಿ ಹಾಗಲ್ಲ. ಪ್ರತಿ ವಾರ ಪಾಯಿಂಟ್ಸ್, ನೀವು ಇರ್ಲಿ ಬಿಡ್ಲಿ ಅದು ಓಡ್ತಾ ಇರುತ್ತೆ, ಹೆಸರು ತೆಗೆಸೋದು ನಿಮ್ಮ ಜವಾಬ್ದಾರಿ. ಸೆಮಿಸ್ಟರಿನ ಮುಕ್ಕಾಲು ಭಾಗದೊಳಗೆ ಆನ್‌ಲೈನಲ್ಲಿ ಡ್ರಾಪ್ ಮಾಡಿದ್ರೆ ಬರೀ ಡಬ್ಲ್ಯು, ಅಂದ್ರೆ ಕ್ಲಾಸ್ ಬಿಟ್ಟಿದ್ದು ಅನ್ನೋ ಗುರುತು ಬರುತ್ತೆ, ಗ್ರೇಡುಗಳ ಸರಾಸರಿ ಜಿಪಿಎಗೆ ಪೆಟ್ಟಿಲ್ಲ. ಅದು ದಾಟಿದ್ರೆ ಗ್ರೇಡೇ. ನವೆಂಬರಲ್ಲಿ ಆ ಗಡುವು ಮುಗಿಯೋವಾಗ ನಾನು ಆಸ್ಪತ್ರೆ ಕಾರಿಡಾರಲ್ಲಿ ಕೈಯಲ್ಲಿ ಫೋನ್ ಹಿಡ್ಕೊಂಡೇ ಕೂತಿದ್ದೆ. ಹತ್ತು ನಿಮಿಷದ ಕೆಲಸ ಅದು.

ಇನ್ನೂ ಒಂದು ಕಾರಣ ಇತ್ತು. ಪ್ರೊಫೆಸರ್ ಹತ್ರ ಮನೆ ಕಷ್ಟ ಹೇಳ್ಕೊಳ್ಳೋದು ಅಂದ್ರೆ ಮಾರ್ಕ್ಸಿಗೆ ಅಂಗಲಾಚಿದ ಹಾಗೆ ಅನ್ನಿಸ್ತಿತ್ತು. ವಾಪಸ್ ಬಂದ್ಮೇಲೆ ಅವರೇ ಹೇಳಿದ್ರು, ನಿಮ್ಮಿಂದ ಒಂದು ಸಾಲು ಬರುತ್ತೆ ಅಂತ ಕಾಯ್ತಾ ಇದ್ದೆ, ಬಂದಿದ್ರೆ ಇನ್‌ಕಂಪ್ಲೀಟ್ ಕೊಟ್ಟು ಮಿಕ್ಕ ಕೆಲಸ ಆಮೇಲೆ ಮುಗಿಸೋಕೆ ದಾರಿ ಮಾಡ್ತಿದ್ದೆ ಅಂತ.

ಎರಡೂ ಎಫ್. ಚಿಕ್ಕ ಮಕ್ಕಳಿಗೆ ಕಲಿಸೋಕೆ ರಾಜ್ಯದವರು ಕೊಡೋ ಪರ್ಮಿಟ್ಟಿಗೆ ಪ್ರತಿ ಕ್ಲಾಸಲ್ಲೂ ಕನಿಷ್ಠ ಸಿ ಬೇಕು, ಹಾಗಾಗಿ ಎರಡನ್ನೂ ಮತ್ತೆ ತಗೋಬೇಕು. ಆ ಎರಡು ಮುಗಿದಿದ್ರೆ ನನ್ನ ಹತ್ರ 12 ಯೂನಿಟ್ ಇರ್ತಿತ್ತು. ನಮ್ಮನೆ ಹತ್ರದ ಪ್ರೀಸ್ಕೂಲಿನವರು 12 ಮುಗಿಸ್ಕೊಂಡು ಬನ್ನಿ ಅಂದಿದ್ರು, ಕೆಲಸ ಮಾಡೋಕೆ ಬೇಕಾದ ಅನುಮತಿ ಕಾರ್ಡು, ಇಎಡಿನೂ ಆಗಷ್ಟೇ ಬಂದಿತ್ತು. ಎಚ್-4ನವರ ಇಎಡಿ ತೆಗೆದೇ ಹಾಕ್ತಾರಂತೆ ಅನ್ನೋ ಸುದ್ದಿ ಬೇರೆ ಆಗ ಓಡ್ತಿತ್ತು, ಒಂದೊಂದು ತಿಂಗಳೂ ಲೆಕ್ಕ. ಸ್ಪ್ರಿಂಗಿಗೆ ಸಂಜೆ ಕ್ಲಾಸಿನ ಸೀಟು ತುಂಬಿ ಹೋಗಿತ್ತು, ವೈಟ್‌ಲಿಸ್ಟಲ್ಲಿ ಒಂಬತ್ತನೇ ಹೆಸರು, ಸಿಗ್ಲಿಲ್ಲ. 2019ರ ಫಾಲಲ್ಲಿ ಎರಡೂ ಮತ್ತೆ ಓದಿ ಮುಗಿಸ್ದೆ. ಗಮನಿಸಿ ಬರೆಯೋ ಕ್ಲಾಸ್ ಆಗ್ದೆ ಪ್ರಾಕ್ಟಿಕಮ್‌ಗೆ, ಅಂದ್ರೆ ಮಕ್ಕಳ ಜೊತೆ ಕೆಲಸ ಮಾಡಿ ಕಲಿಯೋ ಕ್ಲಾಸಿಗೆ, ಬಿಡಲ್ಲ, ಹಾಗಾಗಿ ಅದು 2020ರ ಸ್ಪ್ರಿಂಗಿಗೆ ಬಂತು. ಮಾರ್ಚಲ್ಲಿ ಕೋವಿಡ್ ಅಂತ ಕ್ಯಾಂಪಸ್ಸು ಮುಚ್ಚಿದ್ರು, ಮಕ್ಕಳ ಸೆಂಟರೂ ಮುಚ್ಚಿತು. ಆರು ವಾರ ಮಕ್ಕಳ ಜೊತೆ ಇದ್ದು ಮಿಕ್ಕಿದ್ದು ಲ್ಯಾಪ್‌ಟಾಪ್ ಮುಂದೆ ವಿಡಿಯೋ ನೋಡ್ಕೊಂಡು ಮುಗಿಸ್ದೆ. ಪ್ರೀಸ್ಕೂಲಿನವರು ಅಷ್ಟರಲ್ಲಿ ಬೇರೆಯವರನ್ನ ತಗೊಂಡಿದ್ರು.

ನನಗೆ ತುಂಬಾ ಸಂಕಟ ಆಗಿದ್ದು ಆ ಮಾರ್ಚಲ್ಲೇ. ಕೋವಿಡ್‌ಗೆ ಕ್ಲಾಸ್ ಬಿಟ್ಟವರಿಗೆಲ್ಲ ಇ-ಡಬ್ಲ್ಯು ಅಂತ ಕೊಟ್ರು. ಆ ಹೆಸರೇ ಮೊದಲ ಸಲ ಕೇಳಿದ್ದು ನಾನು. ಕೈ ಮೀರಿದ ಕಾರಣಕ್ಕೆ ಕ್ಲಾಸ್ ಬಿಡಬೇಕಾಗಿ ಬಂದ್ರೆ, ಕುಟುಂಬದವರ ಕಾಯಿಲೆನೂ ಸೇರಿ, ಕಾಗದ ತೋರಿಸಿ ಅರ್ಜಿ ಕೊಟ್ರೆ ಎಫ್ ಬದಲು ಅದು ಬರುತ್ತೆ. ಡಬ್ಲ್ಯು ಆದ್ರೂ ಒಂದು ಸಲ ಓದಿದ ಲೆಕ್ಕ, ಒಂದು ಕ್ಲಾಸಿಗೆ ಸಾಮಾನ್ಯವಾಗಿ ಮೂರೇ ಅವಕಾಶ. ಇ-ಡಬ್ಲ್ಯು ಆ ಲೆಕ್ಕಕ್ಕೂ ಬರಲ್ಲ. ಅಮ್ಮನ ಡಿಸ್‌ಚಾರ್ಜ್ ಸಮ್ಮರಿ ನನ್ನ ಪರ್ಸಲ್ಲೇ ಇತ್ತು. ಆದ್ರೆ ನಮ್ಮ ಕಾಲೇಜಲ್ಲಿ ಅರ್ಜಿ ಹಾಕೋ ಗಡುವು ಅಷ್ಟರಲ್ಲಿ ದಾಟಿತ್ತು. ಮತ್ತೆ ಓದಿದ್ದರಿಂದ ಜಿಪಿಎ ಸರಿಹೋಯ್ತು, ಟ್ರಾನ್ಸ್‌ಕ್ರಿಪ್ಟಲ್ಲಿ ಆ ಎರಡು ಎಫ್ ಮಾತ್ರ ಇವತ್ತಿಗೂ ಹಾಗೇ ಇವೆ.

ಈಗ ನೀವು ಕೇಳಿದ್ದು, ಕೆಳಗಿಳಿದ ಹಾಗಲ್ವಾ ಅಂತ. ಪ್ರಶ್ನೆಯೇ ಸರಿಯಿಲ್ಲ ಅಂತೀನಿ, ಬೇಜಾರು ಮಾಡ್ಕೋಬೇಡಿ. ಎಂ.ಕಾಂ.ನಲ್ಲಿ ಮೂರು ವರ್ಷದ ಮಗು ಯಾಕೆ ಕಚ್ಚುತ್ತೆ ಅಂತ ಹೇಳ್ಕೊಟ್ಟಿಲ್ಲ. ನನ್ನ ಕ್ಲಾಸಲ್ಲಿ ಪಕ್ಕ ಕೂತಿದ್ದವರು ಇಪ್ಪತ್ತು ವರ್ಷ ಮನೇಲೇ ಡೇಕೇರ್ ನಡೆಸಿದ ಮೆಕ್ಸಿಕೋದ ಅಜ್ಜಿ, ಮಗುನ ಮಲಗಿಸೋದರ ಬಗ್ಗೆ ಅವರ ಹತ್ರ ಕಲಿತಷ್ಟು ಯಾವ ಪುಸ್ತಕದಲ್ಲೂ ಸಿಗ್ಲಿಲ್ಲ. ಇಂಡಿಯಾದ ಆನ್‌ಲೈನ್ ನರ್ಸರಿ ಟೀಚರ್ ಸರ್ಟಿಫಿಕೇಟ್ ಸಾಕಾಗುತ್ತಾ ಅಂತಾನೂ ಬರೆದಿದೀರ. ದಯವಿಟ್ಟು ಅದಕ್ಕೆ ದುಡ್ಡು ಹಾಕ್ಬೇಡಿ, ಇಲ್ಲಿ ಕೇಳೋದು ಕಾಲೇಜಿನ ಯೂನಿಟ್ಟು. ನಿಮ್ಮ ಡಿಗ್ರಿನೂ ದಂಡ ಅಲ್ಲ. ಟೀಚರ್ ಪರ್ಮಿಟ್ಟಿಗೆ 24 ಯೂನಿಟ್ ಮಕ್ಕಳ ಶಿಕ್ಷಣದ ಕ್ಲಾಸು, 16 ಯೂನಿಟ್ ಸಾಮಾನ್ಯ ವಿಷಯ, ಜೊತೆಗೆ 175 ದಿನದ ಅನುಭವ ಬೇಕು. ಆ 16 ನಿಮ್ಮ ಡಿಗ್ರಿಯಿಂದಲೇ ಬರಬಹುದು, ಟ್ರಾನ್ಸ್‌ಕ್ರಿಪ್ಟ್ ಇವ್ಯಾಲ್ಯುಯೇಷನ್ ಮಾಡಿಸಿ. ಯೂನಿವರ್ಸಿಟಿಯಿಂದ ಮಾರ್ಕ್ಸ್ ಕಾರ್ಡ್ ತರಿಸೋಕೆ ತಿಂಗಳುಗಟ್ಟಲೆ ಬೇಕು, ಈಗಲೇ ಶುರು ಮಾಡಿ.

ಸರ್ಕಾರಿ ಶಾಲೆಯ ಟಿಕೆ, ಅಂದ್ರೆ ಕಿಂಡರ್‌ಗಾರ್ಟನ್‌ಗೆ ಮುಂಚಿನ ವರ್ಷದ ಕ್ಲಾಸೇ ಬೇಕು ಅಂದ್ರೆ ಕ್ರೆಡೆನ್ಷಿಯಲ್, ಅಂದ್ರೆ ಶಾಲಾ ಶಿಕ್ಷಕರ ಲೈಸೆನ್ಸ್ ಬೇಕು, ಅದು ಉದ್ದದ ದಾರಿ, ಆಗ್ಲೂ ಈ 24 ಯೂನಿಟ್ ಕೈ ಹಿಡಿಯುತ್ತೆ. ಸಂಬಳ ಸಾಫ್ಟ್‌ವೇರಿನವರ ಹಾಗಿರಲ್ಲ, ಅದನ್ನ ಮನೇಲಿ ಮೊದಲೇ ಮಾತಾಡ್ಕೊಳ್ಳಿ.

ನಾನೀಗ ನಾಲ್ಕು ವರ್ಷದ ಮಕ್ಕಳ ಕ್ಲಾಸಲ್ಲಿದೀನಿ. ಒಂದು ಕನ್ನಡದ ಹುಡುಗಿ ಇದಾಳೆ, ಮೊದಲ ಎರಡು ವಾರ ಬಾಯೇ ಬಿಡ್ಲಿಲ್ಲ. ಮರಳಾಟದ ಹತ್ರ ಕೂತು, ಪುಟ್ಟಿ ಇದು ಬೆಟ್ಟಾನಾ ಬಾವಿನಾ ಅಂದೆ. ಬೆಟ್ಟ ಅಂದ್ಲು.

ನೀವು ಯಾವ ಊರಲ್ಲಿದೀರ ಅಂತ ಇಲ್ಲೇ ಬರೀರಿ, ಆ ಕಡೆ ಕಾಲೇಜಿನ ಕ್ಲಾಸ್ ಪಟ್ಟಿ ತೆಗೆದು ಮೊದಲ ಸೆಮಿಸ್ಟರಿಗೆ ಯಾವುದು ತಗೋಬೇಕು ಅಂತ ನೋಡೋಣ. ಡ್ರಾಪ್ ಮಾಡೋ ಕೊನೇ ದಿನಾಂಕನೂ ಅದರಲ್ಲೇ ಇರುತ್ತೆ, ಅದನ್ನ ಫೋನಲ್ಲಿ ಹಾಕಿಟ್ಕೊಳ್ಳಿ.