ಹಂದಿ ಹೃದಯದ ಕವಾಟವನ್ನು ಸ್ಟೆರಿಲೈಸ್ ಮಾಡೋದು ಹೇಗೆ?

ಕತ್ತರಿ, ಚಿಮಟದ ಹಾಗೆ ರೋಗಿಯ ಹೃದಯಕ್ಕೆ ಅಳವಡಿಸುವ ಈ ಕವಾಟವನ್ನೂ ಹಬೆಯಲ್ಲಿಟ್ಟು ಕ್ರಿಮಿ ಕೊಲ್ಲಬಹುದಲ್ವಾ ಅಂತ ಕೇಳಿದ್ದೀರಿ. ಆಗಲ್ಲ. ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರವಾದ ಆಟೋಕ್ಲೇವ್ ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾಗುತ್ತದೆ, ಕವಾಟಕ್ಕೆ ಬಲ ಕೊಡುವ ಕೊಲಾಜನ್ ಅದಕ್ಕಿಂತ ಎಷ್ಟೋ ಮೊದಲೇ ಮುದುಡಿ ಹಾಳಾಗುತ್ತದೆ.

ಅದಕ್ಕೇ ರಾಸಾಯನಿಕ ದ್ರಾವಣ. ಹೆಚ್ಚಾಗಿ ಬಳಸುವುದು ಗ್ಲುಟರಾಲ್ಡಿಹೈಡ್. ಇದು ಕೊಲಾಜನ್ ಎಳೆಗಳ ನಡುವೆ ಅಡ್ಡ ಕೊಂಡಿ ಹಾಕಿ ಕವಾಟ ಬಾಳಿಕೆ ಬರುವಂತೆ ಮಾಡುತ್ತದೆ, ದೇಹ ಅದನ್ನು ತಿರಸ್ಕರಿಸುವುದನ್ನು ತಗ್ಗಿಸುತ್ತದೆ, ಕ್ರಿಮಿಗಳನ್ನೂ ಕೊಲ್ಲುತ್ತದೆ. ಎಲ್ಲವನ್ನೂ ಅಲ್ಲ ಅನ್ನೋದೇ ತೊಂದರೆ. ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ ಸಾಂದ್ರತೆಯಲ್ಲಿ ಬಳಸುವುದರಿಂದ ಕೆಲವು ಗಟ್ಟಿ ಕ್ರಿಮಿಗಳು ಉಳಿದುಬಿಡಬಹುದು. 1970ರ ದಶಕದಲ್ಲಿ ಇಂಥ ಕವಾಟಗಳಲ್ಲಿ ಕ್ಷಯದ ಕ್ರಿಮಿಯ ಕುಲಕ್ಕೆ ಸೇರಿದ ಮೈಕೋಬ್ಯಾಕ್ಟೀರಿಯಂ ಚೆಲೋನೆ ಸಿಕ್ಕಿತ್ತು. ಹಾಗಾಗಿ ಫಾರ್ಮಾಲ್ಡಿಹೈಡ್, ಆಲ್ಕೋಹಾಲ್ ಸೇರಿಸಿದ ದ್ರಾವಣದಲ್ಲಿ ಇನ್ನೊಂದು ಸುತ್ತು ನೆನೆಸುವ ಕ್ರಮವೂ ಬಂತು. ಗುರಿ ಏನಂದ್ರೆ, ಒಂದು ಕವಾಟದಲ್ಲಿ ಜೀವಂತ ಕ್ರಿಮಿ ಉಳಿಯುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದನ್ನು ಮೀರಬಾರದು.

ಅಳವಡಿಸುವ ಮೊದಲು ಸಲೈನ್‌ನಲ್ಲಿ ಚೆನ್ನಾಗಿ ತೊಳೆಯುತ್ತಾರೆ, ಇದು ಸುಮ್ನೆ ಶಾಸ್ತ್ರಕ್ಕಲ್ಲ. ಉಳಿದ ಆಲ್ಡಿಹೈಡ್ ಜೀವಕೋಶಗಳಿಗೆ ವಿಷ. ವರ್ಷಗಳ ನಂತರ ಕವಾಟದಲ್ಲಿ ಕ್ಯಾಲ್ಸಿಯಂ ಕಟ್ಟಿ ಬಿರುಸಾಗುವುದಕ್ಕೂ ಅದು ಒಂದು ಕಾರಣ.