ಕೆಲಸ ಹೋಯಿತು, ಮಾತ್ರೆಯೂ ನಿಂತಿತು

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ. ಪೀಣ್ಯದ ಕಾರ್ಖಾನೆಯೊಂದರಲ್ಲಿ 17 ವರ್ಷ ಲೇತ್ ಮೆಷಿನ್ ಮೇಲೆ ದುಡಿದವರು. ನಾಲ್ಕು ತಿಂಗಳ ಹಿಂದೆ ಆಳು ಕಡಿಮೆ ಮಾಡುವಾಗ ಇವರನ್ನೂ ತೆಗೆದರು. ಮೊದಲ ತಿಂಗಳು ಶಿಫ್ಟಿನ ಹೊತ್ತಿಗೇ ಎದ್ದು ಸ್ನಾನ ಮಾಡಿ ಕುಳಿತಿರುತ್ತಿದ್ದರು. ಈಗ ಹತ್ತು ಗಂಟೆಯಾದರೂ ಏಳುವುದಿಲ್ಲ, ರಾತ್ರಿ ನಿದ್ದೆಯಿಲ್ಲ. "ದುಡಿಯದವನಿಗೆ ಮಾತ್ರೆ ಯಾಕೆ" ಎಂದು ಬಿಪಿ ಮಾತ್ರೆ ನಿಲ್ಲಿಸಿದ್ದಾರೆ. ಅತ್ತೆಯವರು ಇದನ್ನು ಸೋಮಾರಿತನ ಎನ್ನುತ್ತಾರೆ. ಇದು ಕಾಯಿಲೆಯೇ, ಡಾಕ್ಟರೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಸೋಮಾರಿತನ ಖಂಡಿತ ಅಲ್ಲ ತಾಯಿ; ಅತ್ತೆಯವರಿಗೂ ಇದನ್ನು ಓದಿ ಹೇಳಿ. ಆಸ್ಟ್ರಿಯಾ ದೇಶದ ಮಾರಿಯೆಂಥಾಲ್ ಎಂಬ ಹಳ್ಳಿಯಲ್ಲಿ ಬಟ್ಟೆ ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಾಗ, ಸಮಾಜ ಮನೋವಿಜ್ಞಾನಿ ಮಾರಿ ಯಹೋಡಾ ಮತ್ತು ಅವರ ಸಂಗಡಿಗರು ಅಲ್ಲಿಯ ಬದುಕನ್ನು ಹತ್ತಿರದಿಂದ ನೋಡಿ 1933ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಕೈತುಂಬ ಬಿಡುವಿದ್ದರೂ ಜನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಗಿತ್ತು. ಬಹುಪಾಲು ಗಂಡಸರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಹೆಂಗಸರ ನಡಿಗೆ ಮಾತ್ರ ಅಷ್ಟು ಕುಗ್ಗಿರಲಿಲ್ಲ, ಏಕೆಂದರೆ ಮನೆಗೆಲಸ ಅವರ ದಿನವನ್ನು ಹಿಡಿದು ನಿಲ್ಲಿಸಿತ್ತು. ನಿಮ್ಮ ಮನೆಯಲ್ಲೂ ನಡೆದಿರುವುದು ಇದೇ. ಸಂಬಳದ ಜೊತೆಗೆ ಏಳುವ ಹೊತ್ತು, ಉಣ್ಣುವ ಹೊತ್ತು, ಜೊತೆಗಾರರ ಮಾತು, ತಾನು ಬೇಕಾದವನು ಎಂಬ ಭಾವ ಎಲ್ಲವೂ ಒಂದೇ ದಿನ ಕೈಬಿಟ್ಟುಹೋದವು.

ತಡಮಾಡಬಾರದ್ದು ಮಾತ್ರೆಯ ವಿಷಯ. ಬಿಪಿ ಏರಿದರೂ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. ತಲೆನೋವಿಲ್ಲ, ಸುತ್ತಿಲ್ಲ ಎಂದು ನೆಚ್ಚಿಕೊಂಡು ಕೂತವರು ಪಾರ್ಶ್ವವಾಯು ಹೊಡೆದಾಗಲೇ ಆಸ್ಪತ್ರೆಗೆ ಬರುವುದನ್ನು ನೋಡಿ ಸಂಕಟಪಟ್ಟಿದ್ದೇನೆ. ನಾಳೆಯೇ ಹತ್ತಿರದ ಸರ್ಕಾರಿ 'ನಮ್ಮ ಕ್ಲಿನಿಕ್'ಗೆ ಕರೆದೊಯ್ದು, ಮಾತ್ರೆ ನಿಲ್ಲಿಸಿ ಎಷ್ಟು ದಿನವಾಯಿತು ಎಂಬುದನ್ನು ಮುಚ್ಚಿಡದೆ ಹೇಳಿ, ಬಿಪಿ ನೋಡಿಸಿ. ಅಲ್ಲಿ ತಪಾಸಣೆಗೂ ಔಷಧಕ್ಕೂ ದುಡ್ಡು ಕೊಡಬೇಕಿಲ್ಲ. ಹಳೆಯ ಮಾತ್ರೆಯನ್ನು ನೀವೇ ಮತ್ತೆ ಶುರು ಮಾಡಬೇಡಿ.

ಅವರು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ, ಕಟ್ಟಿದ ವಂತಿಗೆಯ ಅವಧಿಗೆ ತಕ್ಕಂತೆ ಕೆಲಸ ಹೋದ ಮೇಲೂ ಕೆಲವು ತಿಂಗಳು ಚಿಕಿತ್ಸೆಯ ಹಕ್ಕು ಉಳಿಯುತ್ತದೆ. 2018ರಲ್ಲಿ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ, ಷರತ್ತುಗಳು ಹೊಂದಿದರೆ, ಸರಾಸರಿ ದಿನಗೂಲಿಯ ಅರ್ಧದಷ್ಟನ್ನು ಗರಿಷ್ಠ 90 ದಿನಗಳಿಗೆ ಕೊಡುವ ಅವಕಾಶವಿದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಇಎಸ್‌ಐ ಶಾಖಾ ಕಚೇರಿಗೆ ಹೋಗಿ, ಯೋಜನೆ ಈಗ ಜಾರಿಯಲ್ಲಿದೆಯೇ ಎಂದು ವಿಚಾರಿಸಿ. ಅದು ಅವರ ದುಡಿಮೆಯ ಲೆಕ್ಕದಲ್ಲೇ ಬರುವ ಹಣ. ಕೇಳಲು ಸಂಕೋಚ ಬೇಡ.

ಉಪದೇಶ ಮಾಡಬೇಡಿ, ಅವರಿಗೆ ಒಂದು ಹೊತ್ತನ್ನು ಕೊಡಿ. ದಿನವೂ ಆರೂವರೆಗೆ ಹಾಲು ತರುವುದೋ ಮಗುವನ್ನು ಶಾಲೆಗೆ ಬಿಡುವುದೋ ಅವರದಾಗಲಿ. ಸಹಾಯ ಮಾಡಿ ಎನ್ನದೆ, ಇದು ನಿಮ್ಮ ಪಾಲು ಎನ್ನಿ. ನಿದ್ದೆ ಬಾರದಿರುವುದು, ತನ್ನನ್ನು ತಾನೇ ಹಳಿದುಕೊಳ್ಳುವುದು ಎರಡು ವಾರ ದಾಟಿರುವುದರಿಂದ ಖಿನ್ನತೆಗೂ ತಪಾಸಣೆ ಆಗಬೇಕು. ಸಾಯುವ ಮಾತು ಆಡಿದರೆ ಒಬ್ಬರನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ. ಅವರು ಒಪ್ಪದಿದ್ದರೆ ಮೊದಲ ಕರೆಯನ್ನು ನೀವೇ ಮಾಡಿ.